ಚುಕ್ಕೆ ಗೆರೆಗೂ ಗಟ್ಟಿ ಗೆರೆಗೂ ಇರುವ ಅಂತರ

ಪುಣೆಯಿಂದ ನೀವು ಕೇಳಿದ್ದು: 1949ರ ಹಸಿರು ಗೆರೆ ಇಸ್ರೇಲಿನ ಗಡಿಯೇ ಆಗಿದ್ದರೆ ನಕಾಶೆಗಳಲ್ಲಿ ಅದನ್ನು ಚುಕ್ಕೆಗಳಲ್ಲಿ ಏಕೆ ತೋರಿಸುತ್ತಾರೆ?

ಏಕೆಂದರೆ ಅದು ಹುಟ್ಟಿದ್ದು ಗಡಿಯಾಗಿ ಅಲ್ಲ, ಅರಬ್-ಇಸ್ರೇಲ್ ಯುದ್ಧ ನಿಲ್ಲಿಸಲು ಎಳೆದ ಕದನವಿರಾಮ ರೇಖೆಯಾಗಿ. ಇಲ್ಲಿ ಡೊಂಬಿವಲಿಯಲ್ಲಿ ಅಣ್ಣತಮ್ಮಂದಿರ ಜಾಗದ ಜಗಳಕ್ಕೆ ನ್ಯಾಯಾಲಯ ಯಥಾಸ್ಥಿತಿಯ ಆದೇಶ ಕೊಟ್ಟರೆ ಬೇಲಿ ದಾಟುವಂತಿಲ್ಲ; ಹಾಗೆಂದು ಬೇಲಿಯೇ ನೋಂದಾಯಿತ ಕ್ರಯಪತ್ರವಾಗುವುದಿಲ್ಲ. 1949ರ ಫೆಬ್ರವರಿಯಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ ರೋಡ್ಸ್ ದ್ವೀಪದಲ್ಲಿ ಸಹಿ ಹಾಕಿದ ಕದನವಿರಾಮ ಒಪ್ಪಂದದ ಐದನೆಯ ವಿಧಿ ಇದನ್ನೇ ಹೇಳುತ್ತದೆ: ಈ ಗೆರೆಯನ್ನು ಯಾವ ಅರ್ಥದಲ್ಲೂ ರಾಜಕೀಯ ಅಥವಾ ಪ್ರಾದೇಶಿಕ ಗಡಿಯೆಂದು ಭಾವಿಸಬಾರದು. ಆಗ ಇದಕ್ಕೆ ಪಟ್ಟು ಹಿಡಿದವರು ಅರಬ್ ದೇಶಗಳು. ಇಂದು ಅದೇ ಗೆರೆಯನ್ನು ಆಧಾರವಾಗಿ ಹಿಡಿಯುವವರು ಹೆಚ್ಚಾಗಿ ಅರಬ್ಬರೇ ಎಂಬುದು ಚರಿತ್ರೆಯ ಕುಚೋದ್ಯ.

ಗಡಿಗೆ ಬೇಕಾದದ್ದು ಶಾಂತಿ ಒಪ್ಪಂದ. 1979ರಲ್ಲಿ ಈಜಿಪ್ಟ್, 1994ರಲ್ಲಿ ಜೋರ್ಡಾನ್ ಅದನ್ನು ಮಾಡಿಕೊಂಡವು. ಈಜಿಪ್ಟಿನ ಜೊತೆಗಿನ ಒಪ್ಪಂದದ ಬಳಿಕವೂ, ಎರಡು ದೇಶಗಳ ಗಡಿಯಲ್ಲಿರುವ ತಾಬಾ ಎಂಬ ಊರಿನಲ್ಲಿ ಗಡಿಕಂಬ ಎಲ್ಲಿತ್ತೆಂಬ ತಕರಾರು ಮಧ್ಯಸ್ಥಿಕೆಗೆ ಹೋಗಿ, 1988ರಲ್ಲಿ ತೀರ್ಪು ಈಜಿಪ್ಟಿನ ಪರ ಬಂತು.

ಆದರೆ ಕದನವಿರಾಮ ರೇಖೆಯನ್ನು ಬೇಕಾದಾಗ ದಾಟಬಹುದೆಂದು ತಿಳಿಯಬೇಡಿ. ಅಂತಹ ರೇಖೆಗಳನ್ನೂ ಬಲಪ್ರಯೋಗದಿಂದ ಉಲ್ಲಂಘಿಸಬಾರದೆಂದು ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ಘೋಷಿಸಿದೆ. ನಮ್ಮ ನಿಯಂತ್ರಣ ರೇಖೆಯೂ ಇದೇ ಜಾತಿಯದು: 1972ರ ಶಿಮ್ಲಾ ಒಪ್ಪಂದದ ಪ್ರಕಾರ ಅದನ್ನು ಏಕಪಕ್ಷೀಯವಾಗಿ ಬದಲಿಸುವಂತಿಲ್ಲ, ಆದರೆ ಯಾರ ಹಕ್ಕುವಾದಕ್ಕೂ ಅದರಿಂದ ಧಕ್ಕೆಯಿಲ್ಲ.

ಬೆಳಗಾವಿಯನ್ನು ಇದಕ್ಕೆ ಹೋಲಿಸಿದ್ದೀರಿ, ದಯವಿಟ್ಟು ಬೇಡ. ಅದು ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುವ ಸಂವಿಧಾನದ ಮೂರನೆಯ ವಿಧಿಯ ವಿಷಯ, ಅಂತರರಾಷ್ಟ್ರೀಯ ಕಾನೂನಿನದಲ್ಲ.