ಅಂಚು ಚೂರಾಗಿ ಹಾರುತ್ತಿದ್ದರೆ ಉಕ್ಕನ್ನು ಬೈಯಬೇಡಿ, ಹದ ನೋಡಿ

ನೀವು ಬರೆದದ್ದನ್ನು ಎರಡು ಸಲ ಓದಿದೆ. ಲಾರಿಯ ಹಳೇ ಲೀಫ್ ಸ್ಪ್ರಿಂಗ್, ಅಂದರೆ ಬಾಗಿದ ಉಕ್ಕಿನ ಪಟ್ಟಿಯ ತುಂಡಿನಿಂದ ಚಾಕು ಮಾಡಿದ್ದೀರಿ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದ್ದೀರಿ. ಅರ ಉಜ್ಜಿದರೆ ಜಾರುತ್ತದೆ, ಆದರೆ ಗಟ್ಟಿ ಕಟ್ಟಿಗೆಗೆ ತಾಗಿದರೆ ಸಾಕು, ಅಂಚು ಚೂರು ಚೂರಾಗಿ ಹಾರುತ್ತದೆ. ಉಕ್ಕೇ ಸರಿಯಿಲ್ವಾ ಅಂತ ಕೇಳಿದ್ದೀರಿ.

ಅರ ಜಾರಿದೆ ಅಂದರೆ ಉಕ್ಕು ಚೆನ್ನಾಗಿ ಗಡಸಾಗಿದೆ. ಆದರೆ ಅದ್ದಿದ ಮೇಲೆ ಮತ್ತೆ ಮೆಲ್ಲಗೆ ಕಾಯಿಸಿ ಹದ ಮಾಡಿದ್ದರ ಬಗ್ಗೆ ನೀವು ಏನೂ ಬರೆದಿಲ್ಲ. ಅದನ್ನು ಬಿಟ್ಟಿದ್ದರೆ ತೊಂದರೆ ಅಲ್ಲೇ ಇದೆ. ಬರೀ ಅದ್ದಿ ತೆಗೆದ ಅಲಗು ಗಾಜಿದ್ದ ಹಾಗೆ, ಕೈಜಾರಿ ಬಿದ್ದರೂ ಮುರಿಯಬಹುದು.

ನಮ್ಮದು ಮನೆಯವರೇ ನಡೆಸುವ ಕುಲುಮೆ. ಅಪ್ಪ ಕಾಯಿಸಿ ಬಡಿಯುತ್ತಾರೆ, ಸಾಣೆ ನನ್ನದು, ಹಿಡಿ ಕೂರಿಸುವುದು ಅಮ್ಮ. ಬೆಳಿಗ್ಗೆ ತಂಪಿರುವಾಗ ಬಡಿಯುವ ಕೆಲಸ ಮುಗಿಸುತ್ತೇವೆ, ಮಧ್ಯಾಹ್ನವೆಲ್ಲ ಸಾಣೆ, ಅರ. ಎಣ್ಣೆಗೆ ಅದ್ದುವುದು ಮಾತ್ರ ಸಂಜೆ, ಬೆಳಕು ಇಳಿದ ಮೇಲೆ. ಹಗಲ ಬೆಳಕಿನಲ್ಲಿ ಕಾದ ಉಕ್ಕಿನ ಬಣ್ಣ ಮಂಕಾಗಿ ಕಾಣುತ್ತದೆ. ಇನ್ನೂ ಸಾಲದು ಅಂದುಕೊಂಡು ಜಾಸ್ತಿ ಕಾಯಿಸಿಬಿಡುತ್ತೇವೆ.

ಹಾಗೆ ಜಾಸ್ತಿ ಕಾದರೆ ಒಳಗಿನ ಕಣಗಳು ದಪ್ಪವಾಗುತ್ತವೆ. ಆಮೇಲೆ ಎಷ್ಟು ಹದ ಮಾಡಿದರೂ ಅಂಚು ನಿಲ್ಲುವುದಿಲ್ಲ. ನಿಮ್ಮದೂ ಹೀಗಾಗಿದೆಯಾ ಅಂತ ತಿಳಿಯಲು ಅದೇ ಪಟ್ಟಿಯ ಸಣ್ಣ ತುಂಡನ್ನು ಅದೇ ರೀತಿ ಕಾಯಿಸಿ ಅದ್ದಿ. ತಣ್ಣಗಾದ ಮೇಲೆ ವೈಸಿಗೆ ಸಿಕ್ಕಿಸಿ, ಬಟ್ಟೆ ಸುತ್ತಿ, ಹೊಡೆದು ಮುರಿಯಿರಿ. ಕನ್ನಡಕ ಮರೆಯಬೇಡಿ, ದಯವಿಟ್ಟು. ಮುರಿದ ಮುಖ ಬೂದಿಯ ಹಾಗೆ ನುಣ್ಣಗಿದ್ದರೆ ಸರಿ. ಹರಳುಪ್ಪಿನ ಹಾಗೆ ಮಿನುಗಿದರೆ ಕಾವು ಮೀರಿದೆ.

ಮೀರಿದ್ದರೂ ಚಾಕು ಎಸೆಯಬೇಕಿಲ್ಲ. ಆಯಸ್ಕಾಂತ ಹಿಡಿಯದಷ್ಟು ಕಾಯಿಸಿ, ಗಾಳಿಯಲ್ಲೇ ಕಪ್ಪಾಗುವವರೆಗೆ ಆರಲು ಬಿಡಿ. ಹೀಗೆ ಮೂರು ಸಲ. ಕಣ ಮತ್ತೆ ಸಣ್ಣದಾಗುತ್ತದೆ. ಆಯಸ್ಕಾಂತ ಬಿಡುವುದು ಸುಮಾರು 770 ಡಿಗ್ರಿಗೆ. ಅದ್ದಲು ಅದಕ್ಕಿಂತ ಸ್ವಲ್ಪ ಮೇಲೆ, 830ರ ಹತ್ತಿರ ಬೇಕು, ಅಂದರೆ ಬಣ್ಣ ಇನ್ನೊಂದು ಛಾಯೆ ಏರಿದರೆ ಸಾಕು. ಎಣ್ಣೆ 50–60 ಡಿಗ್ರಿ ಬೆಚ್ಚಗಿರಲಿ. ನೀರಿಗೆ ಅದ್ದಬೇಡಿ, ಈ ಉಕ್ಕು ಬಿರುಕು ಬಿಡುತ್ತದೆ. ಅದ್ದುವ ಮೊದಲು ಅಂಚು ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪ ಇರಲಿ, ತೀರಾ ತೆಳುವಾದರೆ ಸೊಟ್ಟಗಾಗುತ್ತದೆ.

ಕೈಯಲ್ಲಿ ಹಿಡಿಯುವಷ್ಟು ಆರಿದ ಕೂಡಲೇ ಓವನ್ನಿಗೆ ಹಾಕಿ. 200 ಡಿಗ್ರಿ, ಎರಡು ಗಂಟೆ. ತೆಗೆದು ಆರಿಸಿ, ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿಯನ್ನು ನಂಬಬೇಡಿ, ಒಳಗೆ ಬೇರೆ ಥರ್ಮಾಮೀಟರ್ ಇಡಿ. ಅಲಗಿನ ಒಂದು ಕಡೆ ಮೊದಲೇ ಬೆಳ್ಳಗೆ ಉಜ್ಜಿಟ್ಟರೆ ಅಲ್ಲಿ ಒಣಹುಲ್ಲಿನ ಹಳದಿ ಕಾಣುತ್ತದೆ. ಒಮ್ಮೆ ದಣಿವಾಗಿ 'ನಾಳೆ ಮಾಡೋಣ' ಅಂತ ಅದ್ದಿದ ಅಲಗುಗಳನ್ನು ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಎರಡರಲ್ಲಿ ಬಿರುಕಿತ್ತು. ಅಪ್ಪ ಬೈಯಲಿಲ್ಲ, ಅವನ್ನು ಕೈಯಲ್ಲಿ ಹಿಡಿದು ಸುಮ್ನೆ ನಿಂತರು. ಈಗ ಕುಲುಮೆಗೆ ಬೆಂಕಿ ಹಾಕುವ ಮೊದಲೇ ಓವನ್ ಹಚ್ಚಿರುತ್ತೇವೆ.

ಸಾಣೆ ಹಿಡಿಯುವಾಗ ಕೈಗವಸು ಬೇಡ, ಬಿಸಿ ಬೆರಳಿಗೆ ಗೊತ್ತಾಗಬೇಕು. ಆಗಾಗ ಅಲಗನ್ನು ನೀರಲ್ಲಿ ಅದ್ದಿ ತಣಿಸಿ. ಅಂಚು ನೀಲಿಯಾದರೆ ಅಲ್ಲಿ ಗಡಸುತನ ಹೋಯಿತು ಅಂತಲೇ.

ಈಗಿನ ಚಾಕುವನ್ನು ಮೊದಲು ಓವನ್ನಿಗೆ ಹಾಕಿ ನೋಡಿ. ಆಮೇಲೆ ಹಾರಿದ ಅಂಚು ಹೋಗುವಷ್ಟು ಸಾಣೆ ಹಿಡಿದು ಅದೇ ಕಟ್ಟಿಗೆ ಕಡಿಯಿರಿ. ಆಗಲೂ ಹಾರಿದರೆ ತುಂಡು ಮುರಿದು, ಆ ಮುಖದ ಫೋಟೋ ಇಲ್ಲಿ ಹಾಕಿ. ಅಪ್ಪನಿಗೂ ತೋರಿಸಿ ಹೇಳುತ್ತೇನೆ.