‘ಬಿ ನೆಗೆಟಿವ್’ ಅಂತ ಅರ್ಧ ಸಾಲಿನಲ್ಲಿ ಬರೆದ ತಂಗಿಗೆ

ವಿಜಯಪುರದಿಂದ ಬಂದ ಈ ಪತ್ರ ಓದಿದ ಮೇಲೆ ಉಳಿದ ಪತ್ರಗಳನ್ನು ಪಕ್ಕಕ್ಕಿಟ್ಟೆ. ಇದಕ್ಕೆ ಬೇಗ ಉತ್ತರ ಹೋಗಬೇಕು.

ವಿಷಯ ಇಷ್ಟು. ಮದುವೆಯಾಗಿ ಒಂದು ವರ್ಷ, ಈಗ ನಾಲ್ಕು ತಿಂಗಳ ಬಸುರಿ. ಬಸವನ ಬಾಗೇವಾಡಿಯಿಂದ ಅತ್ತೆ, ನಾದಿನಿ ಬಂದು ಮೂವರೂ ಆಸ್ಪತ್ರೆಗೆ ಹೋಗಿದ್ದಾರೆ. ಕೌಂಟರಿನಲ್ಲಿ ಫಾರ್ಮ್ ಕೊಟ್ಟರು. ವೈನಿಗೆ ತಲೆ ಸುತ್ತುತ್ತಿದೆ ಅಂತ ನಾದಿನಿಯೇ ಪೆನ್ನು ಹಿಡಿದು, ಒಂದೊಂದೇ ಪ್ರಶ್ನೆ ಜೋರಾಗಿ ಓದುತ್ತಾ ತುಂಬಿದಳು. ಎಷ್ಟನೇ ಗರ್ಭ? ಮೊದಲನೇದು. ಹಿಂದೆ ಅಬಾರ್ಷನ್ ಆಗಿದೆಯಾ? ಅತ್ತೆ ನಕ್ಕು ‘ಇಲ್ಲಂತ ಬರಿಯವಾ’ ಅಂದರು. ಆದರೆ ಆಗಿತ್ತು. ಮದುವೆಗೆ ಮುಂಚೆ, ಹುಬ್ಬಳ್ಳಿಯಲ್ಲಿ ಓದುವಾಗ, ಮೂರು ತಿಂಗಳು ತುಂಬಿದ ಮೇಲೆ ತೆಗೆಸಿದ್ದು. ಗಂಡನಿಗೆ ನಿಶ್ಚಯಕ್ಕೆ ಮುಂಚೆಯೇ ಹೇಳಿದ್ದೀರಿ, ಅತ್ತೆ ಮನೆಯಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಇಂಥ ಪ್ರಶ್ನೆ ಕೇಳೋಕೆ ಅವರಿಗೇನು ಹಕ್ಕು, ಆಸ್ಪತ್ರೆ ಬದಲಿಸಲಾ ಅಂತ ಕೇಳಿದ್ದೀರಿ.

ಪತ್ರದ ತುಂಬಾ ಮರ್ಯಾದೆ, ಪಾಪ, ಭಯ. ಕೊನೆಗೆ ಅರ್ಧ ಸಾಲು: ‘ರಕ್ತ ಬಿ ನೆಗೆಟಿವ್ ಅಂತ ಬಂದಿದೆ, ಅದಕ್ಕೇನೋ ಆಮೇಲೆ ಇಂಜೆಕ್ಷನ್ ಕೊಡ್ತಾರಂತೆ, ಅದಿರಲಿ.’

ಹೇಗೆ ಇರಲಿ ಅನ್ನೋಣ ತಂಗಿ? ಇಡೀ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಅದೊಂದೇ ಮಾತು.

ತಾಯಿ ರಕ್ತ ನೆಗೆಟಿವ್ ಇದ್ದು ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಇದ್ದರೆ, ಹೆರಿಗೆಯಲ್ಲೋ ಗರ್ಭ ತೆಗೆಸುವಾಗಲೋ ಮಗುವಿನ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಬಹುದು. ಆಗ ತಾಯಿಯ ದೇಹ ಅದರ ವಿರುದ್ಧ ಆ್ಯಂಟಿಬಾಡಿ ತಯಾರಿಸಿಕೊಳ್ಳುತ್ತದೆ. ಆ ಸಲ ಸಾಮಾನ್ಯವಾಗಿ ಏನೂ ಗೊತ್ತಾಗಲ್ಲ. ಮುಂದಿನ ಮಗುವೂ ಪಾಸಿಟಿವ್ ಆದರೆ ಆ ಆ್ಯಂಟಿಬಾಡಿ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಹೊಟ್ಟೆಯಲ್ಲೇ ಮಗುವಿಗೆ ರಕ್ತ ಕಡಿಮೆಯಾಗಬಹುದು, ಹುಟ್ಟಿದ ಮೇಲೆ ಜೋರಾಗಿ ಕಾಮಾಲೆ ಬರಬಹುದು. ಇದನ್ನು ತಡೆಯೋಕೆ ಅಂತಲೇ ತೆಗೆಸಿದ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಆವತ್ತು ಹುಬ್ಬಳ್ಳಿಯಲ್ಲಿ ಏನು ಕೊಟ್ಟರೋ ನೆನಪಿಲ್ಲ, ಚೀಟಿ ಹರಿದು ಹಾಕಿದೆ ಅಂತ ನೀವೇ ಬರೆದಿದ್ದೀರಿ. ಅಂದಮೇಲೆ ಆ ಪ್ರಶ್ನೆ ಕೇಳಿದ್ದು ತಪ್ಪಲ್ಲ. ನಿಮ್ಮ ಮಗುವಿಗೋಸ್ಕರವೇ ಕೇಳಿದ್ದು. ತಪ್ಪಾಗಿದ್ದು ಕೇಳಿದ ರೀತಿ.

ಇದನ್ನು ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ: ಆಸ್ಪತ್ರೆ ಫಾರ್ಮನ್ನು ಪೇಷಂಟೇ ತುಂಬಬೇಕು. ಓದು ಬರೆಹ ಬರದಿದ್ದರೆ ನರ್ಸ್ ಒಳಗೆ ಕರೆದು, ಬಾಗಿಲು ಹಾಕಿ ಕೇಳಬೇಕು. ನಮ್ಮ ಕಡೆ ಬಸುರಿಯ ಜೊತೆ ನಾಲ್ಕು ಜನ ಬರುತ್ತಾರೆ, ಅದು ಪ್ರೀತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬೆಂಚಿನ ಮೇಲೆ ಕೂತು ಯಾವ ಹೆಣ್ಣುಮಗಳೂ ನಿಜ ಹೇಳಲಾರಳು. ಕೌಂಟರಿನವರಿಗೆ ಇದು ದಿನಾ ಕಾಣುತ್ತಿಲ್ವಾ? (ಜಾತಿ, ಗಂಡನ ಸಂಬಳ ಕೇಳಿದರೆ ಯಾಕೆ ಅಂತ ಕೇಳಿ, ಕಾರಣ ಹೇಳದಿದ್ದರೆ ಖಾಲಿ ಬಿಡಿ. ಸ್ಕ್ಯಾನಿಂಗ್‌ನಲ್ಲಿ ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು ಅಂತ ಕೇಳೋದು ಮಾತ್ರ ಕಾನೂನಿನ ಪ್ರಕಾರ. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಫಾರ್ಮ್ ಎಫ್ ಅದು.)

ಅತ್ತೆಯ ಮೇಲೆ ಸಿಟ್ಟು ಬೇಡ. ಅವರಿಗೆ ಗೊತ್ತಿದ್ದನ್ನು ಹೇಳಿದರು. ನಾದಿನಿಯೂ ಸಹಾಯಕ್ಕೆ ಅಂತಲೇ ಬರೆದಳು. ನನಗೆ ಸಿಟ್ಟು ಬಂದಿದ್ದು ನಿಮ್ಮ ಯಜಮಾನರ ಮೇಲೆ. ಆ ಮನೆಯಲ್ಲಿ ಎಲ್ಲಾ ಗೊತ್ತಿರುವವರು ಅವರೊಬ್ಬರೇ. ಮೊದಲ ತಪಾಸಣೆಗೆ ಬರಲಿಲ್ಲ. ರಾತ್ರಿ ನೀವು ಅಳುತ್ತಾ ಹೇಳಿದರೆ ‘ಇರ್ಲಿ ಬಿಡು, ಈಗ್ಯಾಕ ಅದು’ ಅಂದರು. ಹಳೇ ವಿಷಯ ತಿಳಿದೂ ಮದುವೆಯಾದೆ ಅನ್ನೋದಷ್ಟೇ ಸಾಲದು. ಅವರ ರಕ್ತದ ಗುಂಪೂ ಇಲ್ಲಿ ಮುಖ್ಯ. ಅವರದೂ ನೆಗೆಟಿವ್ ಇದ್ದರೆ ಮಗುವಿನದೂ ನೆಗೆಟಿವ್ವೇ, ಈ ಚಿಂತೆಯೇ ಇಲ್ಲ. ಅದನ್ನು ಪರೀಕ್ಷೆ ಮಾಡಿಸಲು ಅವರಿಗೇನು ಕಷ್ಟ?

ಇನ್ನೊಂದು ವಿಷಯ ನಿಮಗೆ ಹೊಳೆದಿಲ್ಲ. ಏಳನೇ ತಿಂಗಳಲ್ಲಿ ಕುಬಸ ಮುಗಿಸಿ, ಹೆರಿಗೆಗೆ ಜಮಖಂಡಿಯ ತವರಿಗೆ ಹೋಗ್ತೀನಿ ಅಂದಿದ್ದೀರಿ. ಬಸುರಿನಲ್ಲಿ ಕೊಡುವ ಆ್ಯಂಟಿ-ಡಿ ಸಾಮಾನ್ಯವಾಗಿ 28ನೇ ವಾರಕ್ಕೆ, ಅಂದರೆ ಸರಿಯಾಗಿ ಅದೇ ಹೊತ್ತಿಗೆ. ಇಲ್ಲಿನವರು ತವರಲ್ಲಿ ಹಾಕಿಸಿಕೊಳ್ತಾಳೆ ಅಂತ, ಅಲ್ಲಿನವರು ಹಾಕಿಸಿಕೊಂಡೇ ಬಂದಿದ್ದಾಳೆ ಅಂತ ಬಿಟ್ಟುಬಿಡಬಹುದು. ಜೊತೆಗೆ ಅಲ್ಲಿ ಮತ್ತೊಂದು ಫಾರ್ಮ್, ಈ ಸಲ ಪೆನ್ನು ನಿಮ್ಮ ಅವ್ವನ ಕೈಯಲ್ಲಿ.

ಆಸ್ಪತ್ರೆ ಬದಲಿಸಬೇಡಿ. ಮಾಡಬೇಕಾದ್ದು ಒಂದೇ. ಮುಂದಿನ ತಾರೀಖಿಗೆ ಕಾಯದೆ ಈ ವಾರವೇ ಗಂಡನ ಜೊತೆ ಹೋಗಿ. ‘ಡಾಕ್ಟರ್ ಹತ್ತಿರ ಒಬ್ಬಳೇ ಮಾತಾಡಬೇಕು’ ಅನ್ನಿ. ಒಳಗೆ ಹೋಗಿ ಹೇಳಿ: ‘ಫಾರ್ಮಿನಲ್ಲಿ ತಪ್ಪಾಗಿದೆ. ಮೊದಲು ಒಂದು ಸಲ ಮೂರು ತಿಂಗಳಿಗೆ ತೆಗೆಸಿದ್ದೇನೆ. ಆ್ಯಂಟಿ-ಡಿ ಕೊಟ್ಟರೋ ಇಲ್ವೋ ಗೊತ್ತಿಲ್ಲ.’ ಇನ್‌ಡೈರೆಕ್ಟ್ ಕೂಂಬ್ಸ್ ಅನ್ನೋ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ಆ್ಯಂಟಿಬಾಡಿ ಇಲ್ಲ ಅಂತ ಬಂದರೆ ಇಂಜೆಕ್ಷನ್ನಿಗೆ ಇನ್ನೂ ಸಮಯವಿದೆ. ಇದೆ ಅಂತ ಬಂದರೆ ಆ ಇಂಜೆಕ್ಷನ್ ಕೆಲಸ ಮಾಡಲ್ಲ, ಆದರೆ ಮಗುವನ್ನು ಸ್ಕ್ಯಾನಿಂಗ್‌ನಲ್ಲಿ ಗಮನಿಸುತ್ತಾ ಹೋಗಬಹುದು, ಬೇಕಾದರೆ ಚಿಕಿತ್ಸೆಯೂ ಇದೆ.

ಡಾಕ್ಟರ್ ಹೊರಗೆ ಹೇಳಿಬಿಟ್ಟರೆ ಅನ್ನೋ ಭಯ ಬಿಡಿ. ಪೇಷಂಟ್ ಗುಟ್ಟು ಕಾಯೋದು ಅವರ ಕರ್ತವ್ಯ. ಗರ್ಭ ತೆಗೆಸಿದವಳ ಹೆಸರು, ವಿವರವನ್ನು ಡಾಕ್ಟರ್ ಬಯಲು ಮಾಡಿದರೆ ಒಂದು ವರ್ಷದವರೆಗೆ ಜೈಲಾಗಬಹುದು ಅಂತ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಲ್ಲೇ ಇದೆ. ಮನೆಗೆ ತರುವ ತಾಯಿ ಕಾರ್ಡನ್ನು ನಾದಿನಿ ಓದುತ್ತಾಳೆ ಅನ್ನೋದನ್ನೂ ಹೇಳಿ, ಇದನ್ನು ಆಸ್ಪತ್ರೆಯ ಫೈಲಿನಲ್ಲಿ ಮಾತ್ರ ಬರೆಯಲು ಕೇಳಿಕೊಳ್ಳಿ. ಜಮಖಂಡಿಯ ಡಾಕ್ಟರಿಗೆ ಕೊಡಲು ಬೇರೆ ಚೀಟಿ ಬರೆಸಿಕೊಂಡು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಲ್ಲಿ ಫಾರ್ಮ್ ಕೊಟ್ಟಾಗ ಎಷ್ಟೇ ತಲೆ ಸುತ್ತಲಿ, ಪೆನ್ನು ನೀವೇ ಇಸ್ಕೊಳ್ಳಿ.