ಬಲ್ಬ್ ಎಲ್ಲಿ ಹಾಕಬೇಕು?

ಪ್ರಶ್ನೆ: ಮಗಳು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಬೆಂಗಳೂರಿನಲ್ಲಿ ಕಟ್ಟಡಗಳ ಲೈಟಿಂಗ್ ಡಿಸೈನ್ ಕಲಿಯಲು ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ಸ್ಟೈಪೆಂಡ್ ಪಿ.ಜಿ. ಬಾಡಿಗೆಗೂ ಸಾಲದು. ಬಲ್ಬ್ ಎಲ್ಲಿ ಹಾಕಬೇಕು ಅಂತ ನಮ್ಮೂರ ವೈರ್‌ಮನ್‌ಗೇ ಗೊತ್ತಲ್ವಾ? - ಓದುಗರು, ಸಿಂಧನೂರು

ಉತ್ತರ: ಸ್ಟೈಪೆಂಡ್ ವಿಷಯದಲ್ಲಿ ನಿಮ್ಮ ಮಾತು ಸರಿ. ದುಡಿಸಿಕೊಳ್ಳುವವರು ಊಟ, ಬಾಡಿಗೆಗಾದರೂ ಕೊಡಬೇಕು. ಇನ್ನು ನಿಮ್ಮ ಬಲ್ಬಿನ ವಿಷಯ.

ನೀವು ಈ ಪತ್ರ ಬರೆದದ್ದು ರಾತ್ರಿ ಇರಬೇಕು. ಟ್ಯೂಬ್‌ಲೈಟ್ ಬೆನ್ನ ಹಿಂದಿನ ಗೋಡೆಯಲ್ಲಿ, ನಿಮ್ಮ ತಲೆಯ ನೆರಳು ಹಾಳೆಯ ಮೇಲೆ. ಹೌದಲ್ವಾ? ನಮ್ಮನೆಯವರು ಹನ್ನೆರಡು ವರ್ಷ ತಮ್ಮ ನೆರಳಿನಲ್ಲೇ ಉಳ್ಳಾಗಡ್ಡಿ ಹೆಚ್ಚಿದರು. ಕಪಾಟಿನ ಕೆಳಗೆ ಒಂದು ಎಲ್‌ಇಡಿ ಪಟ್ಟಿ ಅಂಟಿಸಿದ ದಿನ, "ನಾನು ಕಣ್ಣೇ ಮಂದ ಆಗ್ಯಾವ ಅಂದ್ಕೊಂಡಿದ್ದೆ" ಅಂದರು.

ಇದರಲ್ಲಿ ವೈರ್‌ಮನ್ ತಪ್ಪೇನಿಲ್ಲ. ಅವರಿಗೆ ಕೂಲಿ ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಎಷ್ಟು ಕಡೆ ಲೈಟು, ಸ್ವಿಚ್ಚು ಕೂರಿಸಿದರು ಅಂತ. ಬೆಳಕು ಎಲ್ಲಿ ಬೀಳಬೇಕು ಅಂತ ನಾವು ಹೇಳಿದ್ದೇ ಇಲ್ಲ. ಸಣ್ಣ ಬಲ್ಬಿನ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ ಅಂತ ನಿಮ್ಮ ಮಗಳು ಪಿಯುಸಿಯಲ್ಲೇ ಓದಿರುತ್ತಾಳೆ. ಲಕ್ಸ್ ಮೀಟರ್ ಹಿಡಿದು ಅದನ್ನು ಅಳೆಯೋದು ಈಗ ಕಲಿಯುತ್ತಾಳೆ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನೋದರ ಅಳತೆ. ಓದುವ ಮೇಜಿಗೆ ಸುಮಾರು 300 ಲಕ್ಸ್ ಬೇಕು. ಓಡಾಡುವ ಜಾಗಕ್ಕೆ 100 ಸಾಕು. ಅಂಗಡಿಯಲ್ಲಿ ನೋಡಿದ ಸೀರೆಯ ಕೆಂಪು ಮನೆಗೆ ಬಂದಾಗ ಬೇರೆಯೇ ಆಗಿರುತ್ತದಲ್ಲ, ಅದೂ ದೀಪದ ಆಟವೇ.

ನಿಮ್ಮ ಅಜ್ಜನ ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಇತ್ತಾ? ನಮ್ಮಲ್ಲಿ ಅದು ಒಲೆಯ ಪಕ್ಕಕ್ಕೇ ಬೆಳಕು ಚೆಲ್ಲುತ್ತಿತ್ತು. ಕಟ್ಟಿದವನು ಇಂಜಿನಿಯರ್ ಅಲ್ಲ, ಆದರೆ ಒಲೆ ಎಲ್ಲಿದೆ ಅಂತ ಕೇಳಿ ಕಿಂಡಿ ಬಿಟ್ಟಿದ್ದ. ನಾವು ಆರ್‌ಸಿಸಿ ಹಾಕಿ ಕಿಂಡಿ ಮುಚ್ಚಿದೆವು. ರಾಯಚೂರಿನಂಥ ಬಿಸಿಲೂರಲ್ಲಿ ಮಟಮಟ ಮಧ್ಯಾಹ್ನ ಲೈಟ್ ಹಚ್ಚುತ್ತೇವೆ! ಅದಕ್ಕೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ.

ಜಾತ್ರೆ ಬಂತೆಂದರೆ ಕಲ್ಲಿನ ಗುಡಿಗೂ ಹಸಿರು, ನೇರಳೆ ಫ್ಲಡ್‌ಲೈಟ್ ಬಡಿಯುತ್ತೇವೆ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯಕ್ಕೆ, 1112ರದು, ಸಂಜೆ ಐದಕ್ಕೆ ಹೋಗಿ ನೋಡಿ. ಓರೆ ಬಿಸಿಲು ಬಿದ್ದರೆ ಒಂದೊಂದು ಕೆತ್ತನೆಯೂ ಎದ್ದು ನಿಲ್ಲುತ್ತದೆ. ಎದುರಿನಿಂದ ಫ್ಲಡ್‌ಲೈಟ್ ಹಾಕಿದರೆ ಅದೆಲ್ಲ ಚಪ್ಪಟೆ.

ಮಗಳನ್ನು ಕಳಿಸಿ. ಹೊರಡುವ ಮೊದಲು ಒಂದು ವಾರ ನಿಮ್ಮ ವೈರ್‌ಮನ್ ಜೊತೆ ಬಿಡಿ. ಡಿಬಿ, ಅಂದರೆ ಮನೆಗೆ ಕರೆಂಟ್ ಹಂಚುವ ಪೆಟ್ಟಿಗೆ, ಅದರ ಒಳಗೆ ಏನಿದೆ ನೋಡಲಿ, ಯಾವ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಯಾವ ಕೋಣೆಗೆ ಅಂತ ಚೀಟಿ ಅಂಟಿಸಲಿ. ಹಾಗೇ ನಿಮ್ಮ ಟ್ಯೂಬ್‌ಲೈಟನ್ನೂ ಬೆನ್ನ ಹಿಂದಿನಿಂದ ಪಕ್ಕದ ಗೋಡೆಗೆ ಹಾಕಿಸಿಕೊಳ್ಳಿ. ಬಲಗೈಯಲ್ಲಿ ಬರೆಯುವವರಾದರೆ ಎಡಗಡೆಗೆ.